ಊರಿನ ಕಟ್ಟು ದೊಡ್ಡದೋ, ಪ್ಯಾರಿಸ್ಸಿನ ಕಾಗದ ದೊಡ್ಡದೋ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಕಳೆದ ವರ್ಷ ಊರಿನ ಹುಡುಗಿಯೊಬ್ಬಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಇಬ್ಬರೂ ಪ್ರಾಯಕ್ಕೆ ಬಂದವರು, ಮದುವೆ ನೋಂದಣಿಯೂ ಆಗಿದೆ. ಊರಿನವರು ಕೂಟ ಸೇರಿ ಹುಡುಗಿಯ ತಂದೆ ತಾಯಿಗೆ ತಪ್ಪುಕಾಣಿಕೆ ಹಾಕಿದರು. ಅವರು ಕಟ್ಟಲಿಲ್ಲ. ಈಗ ಆ ಮನೆಗೆ ಯಾರೂ ಹೋಗುವಂತಿಲ್ಲ, ಆಳು ಕಳಿಸುವಂತಿಲ್ಲ, ಹೋದವರಿಗೂ ದಂಡ. ನಾನು ಕೂಟದಲ್ಲಿ ಎದ್ದು ನಿಂತು ಇದು ಮಾನವ ಹಕ್ಕುಗಳ ಉಲ್ಲಂಘನೆ ಎಂದೆ. ಕೂಟ ನಡೆಸುತ್ತಿದ್ದವರು ನನ್ನ ದೊಡ್ಡಪ್ಪನೇ. ‘ಅದು ಪ್ಯಾರಿಸ್ಸಿನಲ್ಲಿ ಬಿಳಿಯರು ಬರೆದುಕೊಂಡ ಕಾಗದ. ನಮಗೆ ನಮ್ಮ ಕಟ್ಟು ಇದೆ. ಬ್ರಿಟಿಷರೂ ಹೀಗೆಯೇ ಬುದ್ಧಿ ಹೇಳಿಕೊಂಡು ಬಂದವರು’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮಾನವ ಹಕ್ಕು ಎನ್ನುವುದು ನಿಜವಾಗಿ ಎಲ್ಲ ಸಂಸ್ಕೃತಿಗಳಿಗೂ ಅನ್ವಯಿಸುತ್ತದೆಯೇ? ಅನ್ವಯಿಸುವುದಾದರೆ ಎಲ್ಲಿಯ ತನಕ? (ಹೆಸರು ಬೇಡ)

ಉತ್ತರ: ನಿಮ್ಮ ದೊಡ್ಡಪ್ಪನವರ ಮಾತಿನಲ್ಲಿ ಕಾಲು ಭಾಗ ನಿಜವಿದೆ. ಮೊದಲು ಅದನ್ನು ಒಪ್ಪಿಕೊಳ್ಳೋಣ. ಶಿವಮೊಗ್ಗದ ಕಾಲೇಜೊಂದರಲ್ಲಿ ಬಹಳ ವರ್ಷ ನೀತಿಶಾಸ್ತ್ರ ಕಲಿಸಿದವನು ನಾನು. ‘ಹಕ್ಕುಗಳು ಎಲ್ಲರಿಗೂ ಒಂದೇ’ ಎಂದು ಪಾಠ ಒಪ್ಪಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಿಮ್ಮ ದೊಡ್ಡಪ್ಪನವರದೇ ಪ್ರಶ್ನೆ ಬರುತ್ತಿತ್ತು. ಅದು ಮೂರ್ಖ ಪ್ರಶ್ನೆಯಲ್ಲ.

ಅವರು ಹೇಳುವ ಕಾಗದ 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ಆಗ ಸಂಸ್ಥೆಯಲ್ಲಿದ್ದದ್ದು 58 ದೇಶಗಳು. 48 ದೇಶಗಳು ಒಪ್ಪಿದವು, 8 ತಟಸ್ಥವಾಗಿ ಉಳಿದವು, ವಿರೋಧವಾಗಿ ಯಾರೂ ಮತ ಹಾಕಲಿಲ್ಲ. ಇಡೀ ಆಫ್ರಿಕಾ ಖಂಡದಿಂದ ಅಲ್ಲಿದ್ದದ್ದು ಈಜಿಪ್ಟ್, ಇಥಿಯೋಪಿಯಾ, ಲೈಬೀರಿಯಾ ಮತ್ತು ದಕ್ಷಿಣ ಆಫ್ರಿಕಾ ಮಾತ್ರ. ಉಳಿದ ಹೆಚ್ಚಿನ ನಾಡುಗಳು ಬ್ರಿಟನ್, ಫ್ರಾನ್ಸ್, ಬೆಲ್ಜಿಯಂಗಳ ಕೈಯಲ್ಲಿದ್ದವು, ಮತ್ತು ಆ ಮೂರೂ ದೇಶಗಳು ಘೋಷಣೆಗೆ ಮತ ಹಾಕಿದವು. ಅಮೆರಿಕವೂ ಹಾಕಿತು, ಅದರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಶಾಲೆಯ ಬಾಗಿಲು ಬೇರೆ, ಬಸ್ಸಿನ ಸೀಟು ಬೇರೆ. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯಲ್ಲಿ ಮೂಲಭೂತ ಮಾನವ ಹಕ್ಕುಗಳ ಮೇಲಿನ ನಂಬಿಕೆಯ ಮಾತು ಬರುತ್ತದೆ. ಆ ಪೀಠಿಕೆಯ ಕರಡು ಬರೆದವರು ದಕ್ಷಿಣ ಆಫ್ರಿಕಾದ ಯಾನ್ ಸ್ಮಟ್ಸ್. ತಮ್ಮ ದೇಶದ ಕಪ್ಪು ಜನರಿಗೂ ಭಾರತೀಯರಿಗೂ ಸಮಾನ ಹಕ್ಕು ಕೊಡಲು ಎಂದೂ ಒಪ್ಪದಿದ್ದವರು. ಇಷ್ಟು ಬೂಟಾಟಿಕೆ ಕಂಡ ಮೇಲೆ ನಿಮ್ಮ ದೊಡ್ಡಪ್ಪನವರಿಗೆ ಸಂಶಯ ಬಂದರೆ ತಪ್ಪೇನು? ಅಮೆರಿಕದ ಮಾನವಶಾಸ್ತ್ರಜ್ಞರ ಸಂಘಕ್ಕೇ ಆ ಸಂಶಯ ಬಂದಿತ್ತು. ಪಶ್ಚಿಮದ ಮೌಲ್ಯಗಳನ್ನು ಲೋಕದ ಮೌಲ್ಯ ಎಂದು ಹೇರಬೇಡಿ ಎಂದು 1947ರಲ್ಲಿ ಅದು ಹೇಳಿಕೆ ಹೊರಡಿಸಿತು. ಆ ನಿಲುವಿನಿಂದ ಹಿಂದೆ ಸರಿದು ಮಾನವ ಹಕ್ಕುಗಳ ಪರವಾಗಿ ಇನ್ನೊಂದು ಹೇಳಿಕೆ ಕೊಟ್ಟದ್ದು 1999ರಲ್ಲಿ. ಐವತ್ತು ವರ್ಷ ಹಿಡಿಯಿತು.

ಈಗ ಉಳಿದ ಮುಕ್ಕಾಲು ಭಾಗ. ‘ನಮಗೆ ನಮ್ಮ ಕಟ್ಟು ಇದೆ, ಹೊರಗಿನವರು ಕೇಳಬೇಡಿ’ ಎಂಬ ವಾದವನ್ನು ನಿಮ್ಮ ದೊಡ್ಡಪ್ಪನವರಿಗಿಂತ ಮೊದಲೇ, ಅವರಿಗಿಂತ ಚೊಕ್ಕವಾಗಿ ವಿಶ್ವಸಂಸ್ಥೆಯಲ್ಲಿ ಮಂಡಿಸಿದವರು ಯಾರು ಗೊತ್ತೇ? ಅದೇ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಅಲ್ಲಿಯ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ಭಾರತ ವಿಶ್ವಸಂಸ್ಥೆಯ ಮುಂದಿಟ್ಟಿತು. ನಿಯೋಗದ ಮುಂದಾಳು ವಿಜಯಲಕ್ಷ್ಮಿ ಪಂಡಿತ್. ಇದು ನಮ್ಮ ಮನೆಯೊಳಗಿನ ವಿಷಯ ಎಂದು ದಕ್ಷಿಣ ಆಫ್ರಿಕಾ ಹೇಳಿತು. ಮನುಷ್ಯನ ಘನತೆಯ ಪ್ರಶ್ನೆ ಯಾವ ದೇಶದ ಮನೆಯೊಳಗಿನ ವಿಷಯವೂ ಅಲ್ಲ ಎಂಬುದು ನಮ್ಮ ವಾದವಾಗಿತ್ತು, ಗೆದ್ದವರೂ ನಾವೇ. ಎರಡು ವರ್ಷದ ಮೇಲೆ ಸಾರ್ವತ್ರಿಕ ಘೋಷಣೆಗೆ ಮತ ಹಾಕದೆ ಉಳಿದ ಎಂಟರಲ್ಲಿ ದಕ್ಷಿಣ ಆಫ್ರಿಕಾವೂ ಒಂದು. ಆದ್ದರಿಂದ ಈ ಕಾಗದ ಬಿಳಿಯರಿಗೆ ಅನುಕೂಲವಾಗಲೆಂದು ಹುಟ್ಟಿತು ಎನ್ನುವುದು ಅಂದಿನ ಬಿಳಿಯರಿಗೇ ಗೊತ್ತಿರಲಿಲ್ಲ ಎನ್ನಬೇಕಾಗುತ್ತದೆ.

ಬರೆದವರ ವಿಷಯಕ್ಕೆ ಬರೋಣ. ಸಮಿತಿಯ ಅಧ್ಯಕ್ಷೆ ಅಮೆರಿಕದ ಎಲಿನಾರ್ ರೂಸ್‌ವೆಲ್ಟ್ ನಿಜ. ಜೊತೆಗೆ ಚೀನಾದ ಪಿ.ಸಿ. ಚಾಂಗ್, ಲೆಬನಾನಿನ ಚಾರ್ಲ್ಸ್ ಮಲಿಕ್, ಚಿಲಿಯ ಹೆರ್ನಾನ್ ಸಾಂತಾ ಕ್ರೂಜ್ ಇದ್ದರು. ಮೊದಲನೆಯ ವಿಧಿಯಲ್ಲಿ ವಿವೇಚನೆಯ ಪಕ್ಕದಲ್ಲಿ ಅಂತಃಸಾಕ್ಷಿ ಎಂಬ ಮಾತು ಬಂದದ್ದು ಚಾಂಗ್ ಅವರ ಹಟದಿಂದ. ಮನುಷ್ಯ ಇನ್ನೊಬ್ಬ ಮನುಷ್ಯನನ್ನು ನೆನೆದೇ ಮನುಷ್ಯನಾಗುತ್ತಾನೆ ಎಂಬ ಕನ್‌ಫ್ಯೂಷಿಯಸ್ ಪರಂಪರೆಯ ಯೋಚನೆಯನ್ನು ಅವರು ಅಲ್ಲಿ ತುರುಕಲು ನೋಡಿದರು. ಸಿಕ್ಕಿದ್ದು ಆ ಒಂದು ಪದ. ಧರ್ಮ ಬದಲಿಸುವ ಹಕ್ಕಿನ ಬಗ್ಗೆ ಸೌದಿ ಅರೇಬಿಯಾ ತಕರಾರು ತೆಗೆದಾಗ ಪಾಕಿಸ್ತಾನದ ವಿದೇಶಾಂಗ ಸಚಿವ ಜಫರುಲ್ಲಾ ಖಾನ್ ಆ ಹಕ್ಕಿನ ಪರವಾಗಿ ನಿಂತರು. ಒಂದೇ ಧರ್ಮಗ್ರಂಥದ ಎರಡು ದೇಶಗಳು. ಹಾಗಿರುವಾಗ ‘ಅವರ ಸಂಸ್ಕೃತಿ ಹೀಗೆ ಹೇಳುತ್ತದೆ’ ಎಂದು ಯಾರ ಬಾಯಿಂದ ಕೇಳಿ ಬರೆದುಕೊಳ್ಳುತ್ತೀರಿ?

ನಿಮ್ಮ ಊರಿನ ಪ್ರಕರಣಕ್ಕೆ ಇವರೆಲ್ಲರಿಗಿಂತ ಹತ್ತಿರದವರು ಒಬ್ಬರಿದ್ದಾರೆ. ಕರಡಿನ ಮೊದಲ ಸಾಲಿನಲ್ಲಿ ಎಲ್ಲ ‘ಪುರುಷರು’ ಎಂಬರ್ಥ ಬರುವ ಇಂಗ್ಲಿಷ್ ಪದವಿತ್ತು. ಅದನ್ನು ಎಲ್ಲ ‘ಮಾನವ ಜೀವಿಗಳು’ ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹನ್ಸಾ ಮೆಹ್ತಾ. ನಾಗರ ಬ್ರಾಹ್ಮಣರ ಮಗಳು, ಬರೋಡಾ ಸಂಸ್ಥಾನದ ದಿವಾನರ ಮನೆಯವರು. ಅವರು ಮದುವೆಯಾದದ್ದು ಬ್ರಾಹ್ಮಣರಲ್ಲದ ವೈದ್ಯ ಜೀವರಾಜ್ ಮೆಹ್ತಾ ಅವರನ್ನು, ಮತ್ತು ಆ ಮದುವೆಗೆ ಅವರ ಜಾತಿಯವರಿಂದ ಜೋರು ವಿರೋಧ ಎದ್ದಿತ್ತು. ಜಾತಿ ದಾಟಿ ಮದುವೆಯಾಗಿ ಜಾತಿಯವರ ಕಣ್ಣು ಕೆಂಪಗಾಗಿಸಿದ ಹೆಣ್ಣುಮಗಳೇ ನಿಮ್ಮ ದೊಡ್ಡಪ್ಪನವರ ‘ಬಿಳಿಯರ ಕಾಗದ’ದ ಮೊದಲ ಸಾಲನ್ನು ತಿದ್ದಿದವರು. ಇನ್ನೊಂದು ದಿನಾಂಕವನ್ನೂ ಕೂಟದಲ್ಲಿ ಹೇಳಿ. ಅಸ್ಪೃಶ್ಯತೆಯನ್ನು ತೊಡೆದುಹಾಕುವ ವಿಧಿಯನ್ನು ನಮ್ಮ ಸಂವಿಧಾನ ಸಭೆ ಒಪ್ಪಿದ್ದು 1948ರ ನವೆಂಬರ್ 29ರಂದು, ಪ್ಯಾರಿಸ್ಸಿನ ಮತದಾನಕ್ಕೆ ಹನ್ನೊಂದು ದಿನ ಮೊದಲು.

ಇಲ್ಲಿಯ ತನಕ ಹೇಳಿದ್ದು ವಂಶಾವಳಿ. ಯಾರು ಬರೆದರು ಎಂಬುದರಿಂದ ಬರೆದದ್ದು ಸರಿಯೋ ತಪ್ಪೋ ತೀರ್ಮಾನವಾಗುವುದಿಲ್ಲ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತೆಂದು ನಾವೇನು ಸಾರಿಗೆ ಖಾರ ಬಿಟ್ಟಿದ್ದೇವೆಯೇ? ಆದ್ದರಿಂದ ತಿರುಳಿಗೆ ಬರುತ್ತೇನೆ.

ನನ್ನ ಅಜ್ಜನ ಮನೆಯ ಅಟ್ಟದ ಮೇಲೆ ಭತ್ತ ಅಳೆಯುವ ಎರಡು ಕೊಳಗಗಳಿದ್ದವು. ನಾವು ಗೇಣಿ ಕೊಡುತ್ತಿದ್ದವರಲ್ಲ, ಪಡೆಯುತ್ತಿದ್ದವರು. ಇದನ್ನು ಮುಚ್ಚಿಟ್ಟು ಬರೆಯಲಾರೆ. ಚಿಕ್ಕಂದಿನಲ್ಲಿ ಎರಡೂ ಒಂದೇ ಎಂದುಕೊಂಡಿದ್ದೆ. ಒಮ್ಮೆ ಆಟಕ್ಕೆಂದು ಒಂದರ ಭತ್ತವನ್ನು ಇನ್ನೊಂದಕ್ಕೆ ಸುರಿದೆ, ತುಂಬಲಿಲ್ಲ. ಅಜ್ಜಿಯನ್ನು ಕೇಳಿದರೆ, ಒಂದು ಕೊಡುವ ಕೊಳಗ, ಒಂದು ತಗೊಳ್ಳುವ ಕೊಳಗ ಎಂದಳು. ಬಹಳ ಸಹಜವಾಗಿ ಹೇಳಿದಳು. ಬಚ್ಚಲ ಚೊಂಬು ಬೇರೆ, ದೇವರ ಚೊಂಬು ಬೇರೆ ಎನ್ನುವ ಹಾಗೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಬೇರಿನಲ್ಲಿದ್ದದ್ದು ಇಂಥದೇ ಕೊಳಗ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿತ್ತು. ಎಚ್. ಗಣಪತಿಯಪ್ಪ ಸಂಘ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅವರಾರೂ ಪ್ಯಾರಿಸ್ಸಿನ ಕಾಗದ ಹಿಡಿದು ಗದ್ದೆಗೆ ಇಳಿದವರಲ್ಲ. ಒಡೆಯರ ಕಡೆಯ ಉತ್ತರ ಏನಿತ್ತು? ಇದು ಮೊದಲಿನಿಂದ ನಡೆದು ಬಂದ ಪದ್ಧತಿ. ನಮ್ಮ ಅಜ್ಜನದೂ ಅದೇ ಉತ್ತರ.

ಸಾರ್ವತ್ರಿಕ ಹಕ್ಕು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಕೊಳಗ ಒಂದೇ ಇರಬೇಕು. ಯಾವ ಭತ್ತ ಬೆಳೆಯಬೇಕು, ಕುಚ್ಚಲಕ್ಕಿ ಮಾಡಬೇಕೋ ಬೆಳ್ತಿಗೆಯೋ, ಹೊಸ ಅಕ್ಕಿಯ ಹಬ್ಬ ಯಾವ ದಿನ, ಮೊದಲ ತುತ್ತು ಯಾವ ದೇವರಿಗೆ ಎಂಬುದನ್ನು ಕೊಳಗ ಹೇಳುವುದಿಲ್ಲ, ಹೇಳಬಾರದು. ನಿಮ್ಮ ‘ಎಲ್ಲಿಯ ತನಕ’ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಘೋಷಣೆಯಲ್ಲಿರುವುದು 30 ವಿಧಿಗಳು. ಕೊಲ್ಲಬೇಡಿ, ಹಿಂಸಿಸಬೇಡಿ, ಜೀತಕ್ಕಿಡಬೇಡಿ, ಕಾನೂನಿನ ಮುಂದೆ ಭೇದ ಮಾಡಬೇಡಿ, ಪ್ರಾಯಕ್ಕೆ ಬಂದವರ ಒಪ್ಪಿಗೆಯಿಲ್ಲದೆ ಮದುವೆ ಮಾಡಬೇಡಿ, ಒಪ್ಪಿ ಮದುವೆಯಾದವರನ್ನು ತಡೆಯಬೇಡಿ, ನಂಬಿಕೆಯನ್ನು ಹೇರಬೇಡಿ, ದುಡಿದವರಿಗೆ ಕೂಲಿ ಕೊಡಿ, ಮಕ್ಕಳಿಗೆ ಶಾಲೆ ಕೊಡಿ. ಬಾಳಿನ ಬಹುಪಾಲು ಇದರ ಹೊರಗೇ ಉಳಿಯುತ್ತದೆ. ಸಾವಿನ ಸೂತಕ ಎಷ್ಟು ದಿನ, ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಯಾವ ಅಡುಗೆ ಬಡಿಸಬೇಕು ಎಂಬುದರ ಮೇಲೆ ಯಾವ ವಿಶ್ವಸಂಸ್ಥೆಗೂ ಮಾತಿಲ್ಲ. ಎಲ್ಲದಕ್ಕೂ ಮಾನವ ಹಕ್ಕು ಎನ್ನುವ ನಮ್ಮ ಕೆಲವು ಗೆಳೆಯರು ಕೊಳಗದಿಂದ ಬಟ್ಟೆ ಅಳೆಯಲು ಹೊರಟು ಅದರ ಬೆಲೆಯನ್ನೇ ಕಳೆದಿದ್ದಾರೆ ಎಂಬ ಕೋಪ ನನಗಿದೆ.

ಆದರೆ ಪದ್ಧತಿಯೊಂದು ಗಡಿಯ ಒಳಗಿದೆಯೋ ಹೊರಗಿದೆಯೋ ಎಂದು ನೋಡುವುದು ಹೇಗೆ? ಪದ್ಧತಿಯ ಹೆಸರು ನೋಡಿದರೆ ತಿಳಿಯುವುದಿಲ್ಲ. ನನ್ನ ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದಳು. ವರ್ಷವಿಡೀ ಅವಳಿಗೆ ಸಿಗುತ್ತಿದ್ದ ರಜೆ ಅದೊಂದೇ ಎಂದು ನಗುತ್ತಿದ್ದಳು, ಯಾರಾದರೂ ಅದು ಅನ್ಯಾಯ ಎಂದರೆ ಅವರ ಮೇಲೆಯೇ ರೇಗುತ್ತಿದ್ದಳು. ಮುಂದೆ ಅತ್ತಿಗೆ ಮನೆಗೆ ಬಂದರು. ಬಿ.ಎ. ಪರೀಕ್ಷೆಗೆ ಕಟ್ಟಿದ್ದರು. ಆಷಾಢದ ಮಳೆ, ಕೊಟ್ಟಿಗೆಯ ಪಕ್ಕದ ಕೋಣೆ ಸೋರುತ್ತಿತ್ತು, ನಾನು ಒಳಗೇ ಕುಳಿತು ಓದುತ್ತೇನೆ ಎಂದರು. ಅಂದು ರಾತ್ರಿ ಮನೆಯಲ್ಲಿ ನಡೆದದ್ದನ್ನು ಬರೆಯುವ ಮನಸ್ಸಿಲ್ಲ. ಅದೇ ಮೂರು ದಿನ, ಅದೇ ಕೋಣೆ. ‘ಬೇಡ’ ಎಂದಾಗ ಏನಾಗುತ್ತದೆ ಎಂಬುದನ್ನು ನೋಡುವ ತನಕ ಅದು ರಜೆಯೋ ಸೆರೆಯೋ ನಮಗಾರಿಗೂ ಗೊತ್ತಾಗಿರಲಿಲ್ಲ. ನೇಪಾಳದ ಪಶ್ಚಿಮ ಭಾಗದಲ್ಲಿ ಇದೇ ಪದ್ಧತಿ ಹೆಂಗಸರನ್ನು ಗುಡಿಸಲುಗಳಿಗೆ ಅಟ್ಟಿತು. ಹಾವು ಕಚ್ಚಿ, ಹೊಗೆಯಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. 2017ರಲ್ಲಿ ಅಲ್ಲಿಯ ಸಂಸತ್ತು ಅದನ್ನು ಅಪರಾಧವೆಂದು ಕಾನೂನು ಮಾಡಿತು. ಮಾಡಿದವರು ನೇಪಾಳಿಗಳೇ.

ಈ ‘ಬೇಡ ಎಂದರೆ ಏನಾಗುತ್ತದೆ’ ಎಂಬ ಪರೀಕ್ಷೆ ಎಲ್ಲ ಕಡೆಯೂ ಸುಲಭವಾಗಿ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಅತಿ ಕಷ್ಟದ ಉದಾಹರಣೆ ಇದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆಯುವ ಹರಕೆ ಇತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ, ಮಹಿಳಾ ಪೊಲೀಸರನ್ನು ಕೂಡ, ಭಕ್ತರ ಗುಂಪು ಹೊಡೆದು ಬಟ್ಟೆ ಕಿತ್ತಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಯಾರ ಘನತೆಯನ್ನು ಉಳಿಸಲು ಹೋದರೋ ಅವರೇ ಕೈಯೆತ್ತಿದರು. ‘ನಮ್ಮ ತಾಯಿ, ನಮ್ಮ ಹರಕೆ, ನಿಮಗೇನು’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಕೇಳಬಹುದು.

ಆಗ ನನಗೆ ಉತ್ತರ ತೋಚಿರಲಿಲ್ಲ. ಇಂದು ಮೂರು ಮಾತು ಹೇಳಬಲ್ಲೆ. ಆ ಹರಕೆಯನ್ನು ಪ್ರಶ್ನಿಸಿದವರು ಪ್ಯಾರಿಸ್ಸಿನಿಂದ ಇಳಿದವರಲ್ಲ. 1970ರ ದಶಕದಲ್ಲಿ ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರ ಸುತ್ತ ಬೆಳೆದ ದಲಿತ ಸಂಘರ್ಷ ಸಮಿತಿಯವರು ಮುಂದೆ ನಿಂತಿದ್ದರು. ಬೆತ್ತಲೆ ನಡೆಯುತ್ತಿದ್ದವರಲ್ಲಿ ಬಹಳ ಮಂದಿ ಅವರದೇ ಕೇರಿಯ ಅಕ್ಕತಂಗಿಯರು. ಎರಡನೆಯದಾಗಿ, ಹರಕೆ ಯಾರದು ಎಂದು ಕೇಳಬೇಕು. ಸೊರಬದ ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯೂ ಬಟ್ಟೆ ಬಿಟ್ಟು ಹೊರಟವಳು. ಅದು ಅರಸನನ್ನೂ ಅರಮನೆಯನ್ನೂ ಧಿಕ್ಕರಿಸಿ ಅವಳೇ ಮಾಡಿದ ನಿರ್ಧಾರ. ಹೆತ್ತವರು ಹೊತ್ತ ಹರಕೆಗಾಗಿ, ದೇವಿ ಮುನಿದಾಳೆಂಬ ಭಯದಲ್ಲಿ, ಸಾವಿರ ಕಣ್ಣುಗಳ ಮುಂದೆ ನಡೆಸಲ್ಪಟ್ಟ ಹತ್ತು ಹನ್ನೆರಡರ ಹುಡುಗಿಯ ಪಾಡನ್ನು ಇದರ ಪಕ್ಕದಲ್ಲಿಟ್ಟು ಎರಡೂ ಭಕ್ತಿಯೇ ಎಂದರೆ ಅಕ್ಕನಿಗೆ ಅವಮಾನ. ಮೂರನೆಯದನ್ನು ನಮ್ಮ ಕಡೆಯವರಿಗೇ ಹೇಳಬೇಕು: ಸರಿಯಾದ ತೀರ್ಮಾನವನ್ನು ತಪ್ಪಾದ ರೀತಿಯಲ್ಲಿ ಜಾರಿ ಮಾಡಬಹುದು. ಜಾತ್ರೆಯ ದಿನ ನದಿಯ ದಡದಲ್ಲಿ ಲಾಠಿಯೊಡನೆ ನಿಲ್ಲುವುದಕ್ಕಿಂತ ವರ್ಷವಿಡೀ ಮನೆ ಮನೆಗೆ ಹೋಗುವುದು ಹೆಚ್ಚು ಫಲ ಕೊಡುತ್ತದೆ. ಮುಂದಿನ ವರ್ಷಗಳಲ್ಲಿ ಹಾಗೆ ಹೋದವರಿದ್ದರು. ಜಾತ್ರೆ ಈಗಲೂ ನಡೆಯುತ್ತದೆ. ಜನ ಬಟ್ಟೆ ತೊಟ್ಟು ಬರುತ್ತಾರೆ. ದೇವಿ ಮುನಿದು ಗುಡ್ಡ ಬಿಟ್ಟು ಹೋಗಲಿಲ್ಲ.

ಬ್ರಿಟಿಷರ ಹೋಲಿಕೆಗೂ ಇಲ್ಲೇ ಉತ್ತರ ಸಿಗುತ್ತದೆ. ಒಂದು ಪದ್ಧತಿ ತಪ್ಪು ಎಂದು ಹೇಳುವುದು ಬೇರೆ, ಅದನ್ನು ನಿಲ್ಲಿಸಲು ಪೊಲೀಸರನ್ನು ಕಳಿಸುವುದು ಬೇರೆ, ಇನ್ನೊಂದು ದೇಶ ಸೈನ್ಯ ಕಳಿಸುವುದು ಮತ್ತೂ ಬೇರೆ. ಮೊದಲನೆಯದಕ್ಕೆ ಯಾರಿಗೂ ಪರವಾನಗಿ ಬೇಡ. ಮೂರನೆಯದರ ಹಿಂದೆ ಸಾಮಾನ್ಯವಾಗಿ ಎಣ್ಣೆಬಾವಿಯೋ ಬಂದರೋ ಇರುತ್ತದೆ, ನಾನಂತೂ ನಂಬುವುದಿಲ್ಲ. ಬ್ರಿಟಿಷರು ನಮ್ಮ ಪದ್ಧತಿ ತಿದ್ದಲು ಬಂದವರು ಎಂಬುದೂ ಅರ್ಧ ಸತ್ಯ. 1858ರ ನವೆಂಬರ್‌ನಲ್ಲಿ ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆ ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲ ಎಂದೇ ಮಾತು ಕೊಟ್ಟಿತು. ನಿಮ್ಮ ಪದ್ಧತಿ ನಿಮಗೆ, ಕಂದಾಯ ನಮಗೆ ಎಂಬ ಒಪ್ಪಂದ ಅದು. ಊರಿನ ಯಜಮಾನರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಇನ್ನು ಸಮುದಾಯಕ್ಕೂ ಹಕ್ಕಿಲ್ಲವೇ ಎಂಬ ಪ್ರಶ್ನೆ ನಿಮ್ಮ ಕೂಟದಲ್ಲಿ ಖಂಡಿತ ಏಳುತ್ತದೆ. ಇದೆ. 1949ರಲ್ಲಿ ಮುಂಬಯಿ ಪ್ರಾಂತ್ಯ ಬಹಿಷ್ಕಾರವನ್ನು ನಿಷೇಧಿಸಿ ಕಾಯ್ದೆ ಮಾಡಿತ್ತು. ದಾವೂದಿ ಬೊಹ್ರಾ ಸಮುದಾಯದ ಗುರುಗಳು ಅದನ್ನು ಪ್ರಶ್ನಿಸಿದರು. ಧರ್ಮದ ಕಾರಣಕ್ಕೆ ಸದಸ್ಯರನ್ನು ಹೊರಹಾಕುವುದು ಧಾರ್ಮಿಕ ಪಂಗಡದ ಹಕ್ಕು ಎಂದು 1962ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನೇ ರದ್ದು ಮಾಡಿತು. ಆ ತೀರ್ಪು ಇಂದಿಗೂ ಚರ್ಚೆಯಲ್ಲಿದೆ; 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ನಾನು ಆ ತೀರ್ಪನ್ನು ಒಪ್ಪುವವನಲ್ಲ, ಆದರೂ ಅದರೊಳಗಿನ ಪ್ರಶ್ನೆ ಹಗುರವಾದದ್ದಲ್ಲ. ಒಬ್ಬರ ಮನೆಯ ಊಟಕ್ಕೆ ಹೋಗದೆ ಇರುವ ಸ್ವಾತಂತ್ರ್ಯ ನಿಮ್ಮ ದೊಡ್ಡಪ್ಪನವರಿಗೂ ಇದೆ. ಆ ಮದುವೆ ಅವರಿಗೆ ಇಷ್ಟವಾಗಲೇಬೇಕೆಂದು ಯಾವ ಹಕ್ಕೂ ಹೇಳುವುದಿಲ್ಲ.

ನಿಮ್ಮ ಊರಿನಲ್ಲಿ ನಡೆದಿರುವುದು ಅದಲ್ಲ. ಹೋಗಬಯಸುವವರಿಗೆ ದಂಡ ಹಾಕಿದ್ದಾರೆ. ಆ ದಂಡ ಇಲ್ಲದಿದ್ದರೆ ಎಷ್ಟು ಮಂದಿ ಆ ಮನೆಯ ಜಗಲಿ ಹತ್ತುತ್ತಿದ್ದರು ಎಂಬುದು ದೊಡ್ಡಪ್ಪನವರಿಗೆ ಚೆನ್ನಾಗಿ ಗೊತ್ತು, ಗೊತ್ತಿರುವುದರಿಂದಲೇ ದಂಡ. ಜೊತೆಗೆ ಮಲೆನಾಡಿನ ಊರು ಪಟ್ಟಣದ ಬಡಾವಣೆಯಲ್ಲ. ಇಲ್ಲಿ ಒಬ್ಬರಿಗೊಬ್ಬರು ದುಡಿದುಕೊಡುವ ಮುಯ್ಯಾಳು ನಿಂತರೆ ನಾಟಿ ನಿಲ್ಲುತ್ತದೆ. ಕೊನೆ ತೆಗೆಯುವವರು ಬರದಿದ್ದರೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ಅಬ್ಬಿಯ ನೀರು ಇನ್ನೊಬ್ಬರ ತೋಟ ದಾಟಿ ಬರಬೇಕು, ಮಳೆಗಾಲಕ್ಕೆ ಮೊದಲು ಕಾಲುಸಂಕವನ್ನು ಊರೊಟ್ಟಿಗೆ ಸೇರಿ ಕಟ್ಟಬೇಕು, ಸತ್ತರೆ ಹೊರಲು ನಾಲ್ವರು ಬೇಕು. ಒಬ್ಬರ ಮನೆ ಇನ್ನೊಬ್ಬರ ಮನೆಯಿಂದ ಕೂಗಳತೆಯಲ್ಲಿರುವ ಕಡೆ ‘ಯಾರೂ ಹೋಗಬೇಡಿ’ ಎಂಬ ಮಾತು ಅಸಮ್ಮತಿಯಾಗಿ ಉಳಿಯುವುದಿಲ್ಲ, ಜೀವನೋಪಾಯಕ್ಕೆ ಕೊಡಲಿಯಾಗುತ್ತದೆ. ಇಂಥ ಅವಲಂಬನೆಯೇ ಮಲೆನಾಡಿನ ಸೊಗಸು ಎಂದು ನಾವು ಹೊಗಳಿಕೊಳ್ಳುತ್ತೇವೆ. ಅದನ್ನೇ ಹಗ್ಗ ಮಾಡಿ ಒಂದು ಮನೆಯ ಕುತ್ತಿಗೆಗೆ ಹಾಕಿದವರು ಯಾವ ಸಂಸ್ಕೃತಿಯನ್ನು ಉಳಿಸುತ್ತಿದ್ದಾರೆ?

‘ನಮ್ಮದು ಹಕ್ಕಿನ ಸಂಸ್ಕೃತಿಯಲ್ಲ, ಕರ್ತವ್ಯದ ಸಂಸ್ಕೃತಿ’ ಎಂಬ ಮಾತನ್ನೂ ನಿರೀಕ್ಷಿಸಿ. ಗಾಂಧೀಜಿಯೂ 1947ರಲ್ಲಿ ಯುನೆಸ್ಕೋದ ಜೂಲಿಯನ್ ಹಕ್ಸ್‌ಲೀ ಅವರಿಗೆ ಬರೆದ ಪತ್ರದಲ್ಲಿ, ಹಕ್ಕುಗಳೆಲ್ಲ ಚೆನ್ನಾಗಿ ಮಾಡಿದ ಕರ್ತವ್ಯದಿಂದ ಹುಟ್ಟುತ್ತವೆ ಎಂದು ತಮ್ಮ ತಾಯಿಯಿಂದ ಕಲಿತದ್ದಾಗಿ ಹೇಳಿದ್ದರು. ಘೋಷಣೆಯ 29ನೇ ವಿಧಿಯೂ ಪ್ರತಿಯೊಬ್ಬರಿಗೂ ಸಮುದಾಯದ ಕಡೆಗೆ ಕರ್ತವ್ಯವಿದೆ ಎನ್ನುತ್ತದೆ. ದೊಡ್ಡಪ್ಪನವರಿಗೆ ಆ ವಿಧಿಯನ್ನು ಓದಿ ಹೇಳಿದರೆ ಸಂತೋಷಪಟ್ಟಾರು. ಆಮೇಲೆ ಕೇಳಿ: ಕರ್ತವ್ಯ ಒಂದೇ ಕಡೆಗೆ ಹರಿಯುತ್ತದೆಯೇ? ಹೆತ್ತವರಿಗೆ ಮಗಳು ಕೊಡಬೇಕಾದ್ದು ಇದೆ, ಸರಿ. ಊರು ಆ ಮಗಳಿಗೆ ಕೊಡಬೇಕಾದ್ದನ್ನು ಯಾವ ಕೊಳಗದಲ್ಲಿ ಅಳೆದರು?

ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಹೇಳುವ ಚಾಳಿ ನನಗೆ ಹಿಡಿಸುವುದಿಲ್ಲ. ಹಾಗೆ ಹೇಳುವವರು ಹೆಚ್ಚಾಗಿ ಈಗ ಏನನ್ನೂ ಮಾಡದಿರಲು ಅದನ್ನು ಹೇಳುತ್ತಾರೆ. ಆದರೂ ನಿಮ್ಮದು ಹೊಸನಗರ ತಾಲ್ಲೂಕು, ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನ ನೆಲ. ಮೊಘಲರ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಔರಂಗಜೇಬನನ್ನು ಎದುರು ಹಾಕಿಕೊಂಡಳು. ಅದರಲ್ಲಿ ರಾಜಕೀಯದ ಲೆಕ್ಕವೂ ಇದ್ದಿರಬಹುದು. ಆದರೆ ಮುನ್ನೂರು ವರ್ಷದ ಮೇಲೂ ನಿಮ್ಮ ಊರಿನವರು ಅದನ್ನು ಹೆಮ್ಮೆಯಿಂದ ಹೇಳುವುದು ಆ ಲೆಕ್ಕಕ್ಕಾಗಿ ಅಲ್ಲ, ಬೆನ್ನಟ್ಟಿಸಿಕೊಂಡು ಬಂದವನಿಗೆ ಬಾಗಿಲು ತೆರೆದದ್ದಕ್ಕಾಗಿ. ಆಶ್ರಯ ಬೇಡುವ ಹಕ್ಕು ಘೋಷಣೆಯ 14ನೇ ವಿಧಿ. ಹೊರಗಿನಿಂದ ಬಂದ ಮಾತು ನಮ್ಮ ನೆಲದಲ್ಲಿ ಬೇರು ಬಿಡುವುದು ಇಂಥ ನೆನಪುಗಳ ಮೇಲೆಯೇ. ದೊಡ್ಡಪ್ಪನವರು ಚೆನ್ನಮ್ಮನನ್ನು ಮೆಚ್ಚುವವರಾದರೆ ಮಾತಿಗೆ ಒಂದು ಎಳೆ ಸಿಕ್ಕಿತು.

ದೊಡ್ಡಪ್ಪನವರನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ. ದೆಹಲಿಯಲ್ಲೂ ಎರಡು ಕೊಳಗಗಳಿವೆ. ಜನಾಂಗ ತಾರತಮ್ಯದ ವಿರುದ್ಧ 1965ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಾಗ ಅದರಲ್ಲಿ ‘ವಂಶ’ ಎಂಬ ಅರ್ಥದ ಪದವನ್ನು ಸೇರಿಸಲು ಸೂಚಿಸಿದ್ದು ಭಾರತವೇ. ಆ ಪದದೊಳಗೆ ಜಾತಿಯೂ ಬರುತ್ತದೆ ಎಂದು ಮುಂದೆ ಇತರರು ಹೇಳತೊಡಗಿದಾಗ ನಾವು ಒಪ್ಪಲಿಲ್ಲ. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯನ್ನು ಚರ್ಚೆಗೆ ತರುವುದನ್ನು ಭಾರತ ವಿರೋಧಿಸಿತು. ಅದೂ ದಕ್ಷಿಣ ಆಫ್ರಿಕಾದ ನೆಲದಲ್ಲಿ. 1946ರ ನಮ್ಮ ಭಾಷಣಗಳನ್ನು ಯಾರೂ ನೆನಪಿಸಿಕೊಳ್ಳಲಿಲ್ಲ.

ಇನ್ನು ಕೈಯಲ್ಲಿರುವ ಕೆಲಸ. ಪ್ರಾಯಕ್ಕೆ ಬಂದ ಇಬ್ಬರ ಮದುವೆಯಲ್ಲಿ ತಲೆಹಾಕುವ ಅಧಿಕಾರ ಯಾವ ಕೂಟಕ್ಕೂ ಇಲ್ಲವೆಂದು ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದಲ್ಲಿ 2018ರ ಮಾರ್ಚ್ 27ರಂದು ಸ್ಪಷ್ಟವಾಗಿ ಹೇಳಿದೆ. ಅಂಥ ಕೂಟಗಳನ್ನು ತಡೆಯುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. ಹುಡುಗ ಪರಿಶಿಷ್ಟ ಜಾತಿಯವನು ಎಂದಾದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 7ನೇ ಕಲಮನ್ನು ವಕೀಲರಿಗೆ ತೋರಿಸಿ. ಅಸ್ಪೃಶ್ಯತೆ ಆಚರಿಸಲು ಒಪ್ಪದವರನ್ನು ಅವರದೇ ಸಮುದಾಯದವರು ಬಹಿಷ್ಕರಿಸುವುದೂ ಅಲ್ಲಿ ಅಪರಾಧ, ಹುಡುಗಿಯ ತಂದೆ ತಾಯಿಗೆ ಅದು ಆಸರೆಯಾಗಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಆದ್ದರಿಂದ ಅರ್ಜಿ ತಾಯಿಯ ಹೆಸರಿನಲ್ಲಿರಲಿ. ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಿರಿ, ಘಟನೆ ನಡೆದು ವರ್ಷ ಕಳೆಯುವ ಮೊದಲು. ಆದರೆ ಇದನ್ನೆಲ್ಲ ಮಾಡುವ ಮುಂಚೆ ಹುಡುಗಿಯ ತಂದೆ ತಾಯಿಯನ್ನು ಕೇಳಿ. ಊರಿನಲ್ಲಿ ಬಾಳಬೇಕಾದವರು ಅವರು. ಅವರ ಪರವಾಗಿ ಅವರಿಗೆ ತಿಳಿಸದೆ ಹೋರಾಡಿದರೆ ಕೂಟ ಮಾಡಿದ್ದನ್ನೇ ನೀವೂ ಮಾಡಿದ ಹಾಗೆ.

ಮುಂದಿನ ಕೂಟದಲ್ಲಿ ಮಾನವ ಹಕ್ಕು ಎಂಬ ಪದವನ್ನು ಬಳಸಲೇಬೇಡಿ. ಹುಡುಗಿಯ ತಾಯಿಯನ್ನು ಕೂಟದಲ್ಲಿ ಮಾತಾಡಲು ಬಿಟ್ಟಿದ್ದರೇ, ಹೆಂಗಸರು ಎಷ್ಟು ಮಂದಿ ಕುಳಿತಿದ್ದರು, ಇದೇ ಕಟ್ಟನ್ನು ಹತ್ತು ವರ್ಷದ ಹಿಂದೆ ಉಳ್ಳವರ ಮನೆಯ ಮಗ ಮುರಿದಾಗ ಏನು ಮಾಡಿದರು ಎಂದು ಕೇಳಿ. ಅಂಥ ಮಗ ಪ್ರತಿ ಊರಿನಲ್ಲೂ ಒಬ್ಬನಿರುತ್ತಾನೆ. ನಿಮ್ಮ ಪತ್ರ ಕಾರ್ತಿಕದಲ್ಲಿ ಬಂದಿದೆ, ಅಡಿಕೆ ಕೊನೆ ಕೊಯ್ಲು ಶುರುವಾಗುವ ಹೊತ್ತು. ಆ ಮನೆಯವರ ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದು ಸುಲಿಯುವವರಿಲ್ಲದೆ ಕೂತಿರಬೇಕು. ಒಂದು ಸಂಜೆ ನೀವು ಹೋಗಿ ಕುಳಿತುಕೊಳ್ಳಿ, ದಂಡ ಹಾಕಿದರೆ ರಸೀದಿ ಕೇಳಿ. ಒಬ್ಬರೇ ಹೋಗಲು ಅಳುಕಾದರೆ ದೊಡ್ಡಮ್ಮನನ್ನು ಕರೆದು ನೋಡಿ, ಬಂದರೂ ಬಂದಾರು. ಅಡಿಕೆ ಸುಲಿಯುವ ಮೆಟ್ಟುಗತ್ತಿ ನಿಮ್ಮ ಮನೆಯದೇ ಒಯ್ಯಿರಿ, ಅವರಲ್ಲಿ ಹೆಚ್ಚಿಗೆ ಇರಲಿಕ್ಕಿಲ್ಲ.